ಒಂಬತ್ತು ಗಂಟೆ ಮಲಗಿದರೂ ಆರದ ದಣಿವು

ಡೊಂಬಿವಲಿಯಲ್ಲಿರುವ ನಿಮ್ಮ ತಂಗಿ ಒಂಬತ್ತು ಗಂಟೆ ಮಲಗಿಯೂ ಸುಸ್ತಾಗಿಯೇ ಏಳುತ್ತಾರೆ, 'ಹೇಗನಿಸುತ್ತಿದೆ' ಅಂದರೆ 'ಗೊತ್ತಿಲ್ಲ' ಅನ್ನುತ್ತಾರೆ, ತಿಂಗಳುಗಟ್ಟಲೆ ಬಿಡದ ಈ ದಣಿವಿನ ಕಾಯಿಲೆ, ಅಂದರೆ ಕ್ರಾನಿಕ್ ಫಟೀಗ್ ಅನ್ನುವುದು ಮನಸ್ಸಿನದ್ದೇ ಕಾಯಿಲೆಯಾ ಅಂತ ಕೇಳಿದ್ದೀರಿ. ಅಲ್ಲ. ಇದನ್ನು ಮೊದಲು ಅವರಿಗೇ ಹೇಳಿ.

ನಿದ್ದೆಯಿಂದ ದಣಿವು ಆರದಿರುವುದು ಈ ಕಾಯಿಲೆಯ ಮುಖ್ಯ ಲಕ್ಷಣ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ಲಕ್ಷಣಗಳ ಪಟ್ಟಿಯಲ್ಲೂ ಅದಿದೆ. ಹಾಗಂತ ಬೇರೆ ಕಾರಣ ನೋಡದೆ ಬಿಡಬೇಡಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿ. ಜೋರು ಗೊರಕೆ ಇದ್ದರೆ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡುವ ಸ್ಲೀಪ್ ಸ್ಟಡಿಯನ್ನೂ ಕೇಳಿ.

ಇನ್ನು ಆ 'ಗೊತ್ತಿಲ್ಲ'. ಭಾವನೆಯನ್ನು ಗುರುತಿಸಿ ಹೆಸರಿಡಲು ಕಷ್ಟವಾಗುವುದನ್ನು ಅಲೆಕ್ಸಿಥೈಮಿಯಾ ಅನ್ನುತ್ತಾರೆ. ಅದು ರೋಗವಲ್ಲ. ಅಳೆಯಲು 20 ಪ್ರಶ್ನೆಗಳ ಟೊರೊಂಟೊ ಸ್ಕೇಲ್ ಇದೆ. ಆದರೆ ನಿದ್ದೆಗೆಟ್ಟು ತಲೆ ಮಂಕಾದವರಿಗೆ ಮಾತು ಹೊರಡುವುದೇ ಕಷ್ಟ, ಅಲ್ವಾ?

ಪುಣೆಯಲ್ಲಿರುವ ನನ್ನ ಅಕ್ಕನಿಗೂ ಇದೇ ಕಾಯಿಲೆ. ಡಾಕ್ಟರ ಮುಂದೆ ಮರಾಠಿಯಲ್ಲಿ 'ಥಕವಾ' ಅನ್ನುವ ಒಂದೇ ಪದ ಬರುತ್ತಿತ್ತು. ಒಂದು ಸಂಜೆ ನಾನು ಕನ್ನಡದಲ್ಲಿ, 'ಮೈಯಲ್ಲಿ ಎಲ್ಲಿ ಏನಾಗ್ತಿದೆ ಅಕ್ಕಾ?' ಅಂತ ಕೇಳಿದೆ. 'ಎದೆ ಭಾರ, ಹೊಟ್ಟೆಯಲ್ಲಿ ಸಂಕಟ' ಅಂದಳು. ತುಂಬಾ ಹೊತ್ತು ಬಿಟ್ಟು, 'ಹೆದರಿಕೆ ಆಗ್ತಿದೆ' ಅಂದಳು. ಅದನ್ನೇ ಬರೆದು ಡಾಕ್ಟರಿಗೆ ತೋರಿಸಿದೆವು. ನೀವೂ ಹಾಗೆ ಕೇಳಿ ನೋಡಿ, ಆತುರ ಮಾಡಬೇಡಿ.

'ಸುಮ್ನೆ ಮಲಗಬೇಡ, ವಾಕಿಂಗ್ ಜಾಸ್ತಿ ಮಾಡು' ಅಂತ ಮಾತ್ರ ಒತ್ತಾಯಿಸಬೇಡಿ. ಶಕ್ತಿ ಮೀರಿ ಓಡಾಡಿದರೆ ಒಂದೆರಡು ದಿನ ಬಿಟ್ಟು ಕಾಯಿಲೆ ಹೆಚ್ಚಾಗಬಹುದು. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರಲ್ಲಿ, ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆ ಬೇಡ ಅಂತಲೇ ಹೇಳಿದೆ.