ಢಬ್ ಅಂದದ್ದು ಮುಂದೋ, ಹಿಂದೋ?

ಪ್ರಶ್ನೆ: ಸರ್, ನಮಸ್ಕಾರ. ಅಪ್ಪ ತಗೊಂಡಿದ್ದ 1994ರ ಪ್ರೀಮಿಯರ್ ಪದ್ಮಿನಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಭಾನುವಾರ ಪುಣೆಯೊಳಗೆ ಒಂದು ಸುತ್ತು, ವರ್ಷಕ್ಕೆ ಎರಡು ಸಲ ಬೆಳಗಾವಿಗೆ, ಅಷ್ಟೇ ಓಡಾಟ. ಈ ಸಲ ಖಂಬಾಟ್ಕಿ ಘಾಟ್ ಹತ್ತುವಾಗ ಗಾಡಿ ಎಳೆಯಲೇ ಇಲ್ಲ. ಎರಡನೇ ಗೇರಿಗೆ ಇಳಿಸಿದೆ, ಸೈಲೆನ್ಸರಿನಲ್ಲಿ ಪಟ್ ಪಟ್ ಢಬ್ ಅಂತ ಶುರುವಾಯಿತು, ಪಕ್ಕದಲ್ಲಿ ದಾಟಿಹೋದ ಲಾರಿಯ ಕ್ಲೀನರ್ ನಕ್ಕುಬಿಟ್ಟ. ಅರ್ಧ ಗಂಟೆ ನಿಲ್ಲಿಸಿದರೆ ಸ್ವಲ್ಪ ಸರಿ, ಆಮೇಲೆ ಮತ್ತೆ ಅದೇ ಕಥೆ. ದೀಪಾವಳಿಗೆ ಮುಂಚೆ ಪ್ಲಗ್, ಪಾಯಿಂಟ್, ಕಂಡೆನ್ಸರ್ ಹೊಸದು ಹಾಕಿಸಿದ್ದೆ. ಕಾರ್ಬೊರೇಟರ್ ಮೂರು ಸಲ ಕ್ಲೀನ್ ಆಯಿತು. ಈಗ ಮೆಕ್ಯಾನಿಕ್ ಹೊಸ ಕಾರ್ಬೊರೇಟರೇ ಬೇಕು ಅನ್ನುತ್ತಿದ್ದಾನೆ. ಹಾಕಿಸಲಾ?
(ಚಿಂಚವಡದ ಓದುಗರು)

ಉತ್ತರ: ಬೇಡ. ದುಡ್ಡು ಜೇಬಲ್ಲೇ ಇರಲಿ. ಮೂರು ಸಲ ಬಿಚ್ಚಿ ತೊಳೆದರೂ ಹೋಗದ ರೋಗ ಕಾರ್ಬೊರೇಟರಿನದ್ದೇ ಅಂತ ಯಾಕೆ ಹಟ ಹಿಡಿಯಬೇಕು ಹೇಳಿ. ಹಳೇ ಗಾಡಿ ಮಿಸ್ ಹೊಡೆದರೆ ಎಲ್ಲರ ಕೈಯೂ ಮೊದಲು ಅಲ್ಲಿಗೇ ಹೋಗುತ್ತದೆ, ಯಾಕಂದರೆ ಅದು ಮೇಲೇ ಕೂತಿದೆ, ಸ್ಕ್ರೂಡ್ರೈವರ್‌ಗೆ ಸುಲಭವಾಗಿ ಸಿಗುತ್ತದೆ.

ನಿಮ್ಮ ಪತ್ರದಲ್ಲೇ ಎರಡು ಸುಳಿವು ಇವೆ. ಮೊದಲನೆಯದು ಶಬ್ದ. ಬಾನೆಟ್ಟಿನ ಕೆಳಗೆ, ಏರ್ ಫಿಲ್ಟರ್ ಒಳಗಿಂದ ಕೆಮ್ಮಿದ ಹಾಗೆ ಬಂದರೆ ಸಾಮಾನ್ಯವಾಗಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಅಂತ ಅರ್ಥ. ಇಲ್ಲವೇ ಇನ್‌ಟೇಕ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಹಿಂದೆ ಸೈಲೆನ್ಸರಿನಲ್ಲಿ ಸಿಡಿದರೆ, ಎಂಜಿನ್ನಿನೊಳಗೆ ಉರಿಯಬೇಕಾದ ಪೆಟ್ರೋಲ್ ಉರಿಯದೆ ಹೊರಗೆ ಹೋಗಿ, ಕಾದ ಪೈಪಿನಲ್ಲಿ ಹೊತ್ತಿಕೊಳ್ಳುತ್ತಿದೆ. ಅಂದರೆ ಒಂದೋ ಕಿಡಿ ತಪ್ಪುತ್ತಿದೆ, ಇಲ್ಲ ತಡವಾಗಿ ಬರುತ್ತಿದೆ, ಇಲ್ಲ ಪೆಟ್ರೋಲೇ ಅತಿಯಾಗಿದೆ. ನಿಮ್ಮದು ಹಿಂದಿನ ಶಬ್ದ, ಜೊತೆಗೆ ಪಿಕಪ್ ಇಲ್ಲ. ನನಗಂತೂ ಮೊದಲ ಅನುಮಾನ ಕಿಡಿಯ ಮೇಲೆ.

ಎರಡನೇ ಸುಳಿವು, ದೀಪಾವಳಿಗೆ ಮುಂಚೆ ಹಾಕಿಸಿದ ಪಾಯಿಂಟ್, ಅಂದರೆ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚು. ಕೊನೆಯ ಸಲ ಯಾರು ಎಲ್ಲಿ ಕೈ ಹಾಕಿದ್ದರೋ ಅಲ್ಲಿಂದಲೇ ಹುಡುಕುವುದು ನನ್ನ ಹಳೇ ಅಭ್ಯಾಸ. ಡೆಲ್ಕೊ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದು ನೋಡಿ. ನಡುವೆ ತಿರುಗುವ ದಂಡಕ್ಕೆ ನಾಲ್ಕು ಮೂಲೆ ಇರುತ್ತವೆ. ಪಾಯಿಂಟಿನ ಒಂದು ಚಿಕ್ಕ ಫೈಬರ್ ಕಾಲು ಆ ಮೂಲೆಗಳಿಗೆ ಉಜ್ಜಿಕೊಂಡೇ ಪಾಯಿಂಟ್ ತೆರೆಯುವುದು. ಹೊಸದು ಹಾಕುವಾಗ ಅಲ್ಲಿ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಬೇಕು. ಹಚ್ಚದಿದ್ದರೆ ಆ ಕಾಲು ಬೇಗ ಸವೆಯುತ್ತದೆ, ಸವೆದಷ್ಟೂ ಗ್ಯಾಪ್ ಮುಚ್ಚಿಕೊಳ್ಳುತ್ತದೆ, ಗ್ಯಾಪ್ ಮುಚ್ಚಿದಷ್ಟೂ ಪಾಯಿಂಟ್ ತಡವಾಗಿ ತೆರೆಯುತ್ತದೆ, ಅಲ್ಲಿಗೆ ನಿಮ್ಮ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಹಿಂದೆ ಬಿತ್ತು. ಊರೊಳಗೆ ಗೊತ್ತೇ ಆಗುವುದಿಲ್ಲ. ಘಾಟಿನಲ್ಲಿ ಗೊತ್ತಾಗುತ್ತದೆ! ಎಂಜಿನ್ ಬಿಸಿ ಏರುತ್ತದೆ, ಎಳೆಯುವುದಿಲ್ಲ, ಸೈಲೆನ್ಸರ್ ಸಿಡಿಯುತ್ತದೆ.

ಇಗ್ನಿಷನ್ ಆಫ್ ಮಾಡಿ, ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಮೆಲ್ಲಗೆ ತಳ್ಳಿ. ಫೈಬರ್ ಕಾಲು ಸರಿಯಾಗಿ ಮೂಲೆಯ ತುದಿಗೆ ಬಂದಾಗ ನಿಲ್ಲಿಸಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ. 0.4 ಮಿ.ಮೀ. ಆಸುಪಾಸು ಇರಬೇಕು, ಪಕ್ಕಾ ಅಳತೆಗೆ ಅಪ್ಪನ ಕಾಲದ ಮ್ಯಾನ್ಯುಯಲ್ ಇದ್ದರೆ ಅದನ್ನೇ ನಂಬಿ. ಪಾಯಿಂಟಿನ ಮುಖವನ್ನೂ ನೋಡಿ. ಒಂದು ಕಡೆ ಮೊಡವೆಯಂಥ ಗುಬುಟು, ಎದುರಿಗೆ ಅದಕ್ಕೆ ಸರಿಯಾದ ಗುಂಡಿ ಇದ್ದರೆ, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಸರಿಯಿಲ್ಲ. ಹೊಸದು ಅಂತ ಸುಮ್ನೆ ನಂಬಬೇಡಿ. ಹೊಸ ಡಬ್ಬಿಯಿಂದ ತೆಗೆದ ಕಂಡೆನ್ಸರೇ ಕೈಕೊಟ್ಟದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅದಕ್ಕೇ ಚೆನ್ನಾಗಿರುವ ಹಳೇದನ್ನು ಎಸೆಯುವುದಿಲ್ಲ.

ಗ್ಯಾಪ್ ಸರಿ ಮಾಡಿದ ಮೇಲೆ ಟೈಮಿಂಗ್ ನೋಡಲೇಬೇಕು. 12 ವೋಲ್ಟಿನ ಒಂದು ಸಣ್ಣ ಬಲ್ಬು ಸಾಕು. ಒಂದು ವೈರನ್ನು ಕಾಯಿಲಿನಿಂದ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವುದು ಇದೇ) ಡೆಲ್ಕೊಗೆ ಹೋಗುವ ತೆಳು ವೈರಿನ ತುದಿಗೆ, ಇನ್ನೊಂದನ್ನು ಬಾಡಿಗೆ ಕೊಟ್ಟು, ಇಗ್ನಿಷನ್ ಆನ್ ಮಾಡಿ ಎಂಜಿನ್ನನ್ನು ಕೈಯಲ್ಲಿ ನಿಧಾನ ತಿರುಗಿಸಿ. ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬು ಹತ್ತುತ್ತದೆ. ಅದೇ ಹೊತ್ತಿಗೆ ಪುಲ್ಲಿಯ ಗುರುತು ತನ್ನ ಜಾಗದಲ್ಲಿ ಇರಬೇಕು. ಇಲ್ಲದಿದ್ದರೆ ಡೆಲ್ಕೊ ಸ್ವಲ್ಪ ತಿರುಗಿಸಿ ಕೂರಿಸಿ. ಕಿತ್ತ ಪ್ಲಗ್ ವೈರುಗಳನ್ನು ವಾಪಸ್ ಹಾಕುವಾಗ ಸಿಲಿಂಡರುಗಳಿಗೆ ಕಿಡಿ ಹೋಗುವ 1-3-4-2 ಕ್ರಮ ಮರೆಯಬೇಡಿ. ಮಾಟುಂಗಾದಲ್ಲಿದ್ದಾಗ ನಾನೇ ಒಂದು ರಾತ್ರಿ ಎರಡು ವೈರು ಅದಲುಬದಲು ಮಾಡಿ ಸೆಲ್ಫ್ ಹೊಡೆದಿದ್ದೆ. ಢಂ ಅಂದ ಸದ್ದಿಗೆ ಬಿಲ್ಡಿಂಗಿನವರೆಲ್ಲ ಬಾಲ್ಕನಿಗೆ ಬಂದರು, ಸೈಲೆನ್ಸರಿನ ಹೊಟ್ಟೆ ಒಡೆದಿತ್ತು.

ಇಷ್ಟಾಗಿಯೂ ಗಾಡಿ ಬಿಸಿಯಾದ ಮೇಲೆ ಸೋಲುತ್ತದೆ ಅಂದರೆ ರಸ್ತೆಯಲ್ಲೇ ಎರಡು ಪರೀಕ್ಷೆ ಮಾಡಿ. ಎಳೆಯದೆ ಇರುವಾಗ ಚೋಕ್ ಅರ್ಧ ಎಳೆಯಿರಿ. ಎಂಜಿನ್‌ಗೆ ಜೀವ ಬಂದರೆ ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್, ಎಸಿ ಪಂಪಿನ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು) ಡಯಾಫ್ರಮ್, ಕಾರ್ಬೊರೇಟರಿನ ಫ್ಲೋಟ್, ಹಾಗೇ ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್ ಕೂಡ. ಇನ್ನೂ ಹದಗೆಟ್ಟರೆ ಪೆಟ್ರೋಲ್ ಸಾಲದ ತಕರಾರು ಅಲ್ಲ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಿರಿ, ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಎರಡೂ ಅಲ್ಲ, ಆದರೆ ತಣ್ಣಗಾದ ಮೇಲೆ ಮಾತ್ರ ಸರಿಹೋಗುತ್ತದೆ ಅಂದರೆ ಕಾಯಿಲ್ ಬದಲಾಯಿಸಿ ನೋಡಿ. ಬಿಸಿಯಾದಾಗ ಕೈಕೊಟ್ಟು ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವುದು ಅದರ ಹುಟ್ಟುಗುಣ.

ಪ್ರಶ್ನೆ: ವಾಸ್ಕೋದಲ್ಲಿದ್ದೇವೆ. 1997ರ ಮಾರುತಿ 800. ಮಳೆಗಾಲ ಬಂತೆಂದರೆ ಬೆಳಗ್ಗೆ ಸ್ಟಾರ್ಟ್ ಆದರೂ ಗಡಗಡ ನಡುಗುತ್ತದೆ, ಒಂದೆರಡು ಸಲ ಢಬ್ ಅನ್ನುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಸರಿ. ಬೇಸಿಗೆಯಲ್ಲಿ ಏನೂ ಇಲ್ಲ.

ಉತ್ತರ: ಮೂರೇ ಸಿಲಿಂಡರಿನ ಎಂಜಿನ್, ಅದರಲ್ಲಿ ಒಂದು ಮಲಗಿದರೆ ನಡುಗದೆ ಏನು ಮಾಡೀತು? ಕಡಲ ಪಕ್ಕದ ತೇವ, ಉಪ್ಪುಗಾಳಿ. ಮಳೆಯ ರಾತ್ರಿ, ಪಾರ್ಕಿಂಗಿನ ಲೈಟ್ ಆರಿಸಿ, ಎಂಜಿನ್ ಆನ್ ಇಟ್ಟು ಬಾನೆಟ್ ಎತ್ತಿ ಕತ್ತಲಲ್ಲಿ ಸುಮ್ನೆ ನೋಡಿ, ಯಾವುದನ್ನೂ ಮುಟ್ಟಬೇಡಿ. ಪ್ಲಗ್ ವೈರಿನ ಮೈಮೇಲೆ, ಡೆಲ್ಕೊ ಮುಚ್ಚಳದ ಸುತ್ತ ಚಿಟಚಿಟ ಅಂತ ನೀಲಿ ಎಳೆ ಓಡಾಡಿದರೆ ಕಳ್ಳ ಸಿಕ್ಕಿದ. ಎಂಜಿನ್ ಆರಿಸಿ ಮುಚ್ಚಳ ತೆಗೆದು ಒಳಗಡೆಯನ್ನು ಒಣಬಟ್ಟೆಯಲ್ಲಿ ಒರೆಸಿ. ಅಲ್ಲಿ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಕಂಡರೆ ಒರೆಸಿ ಪ್ರಯೋಜನವಿಲ್ಲ, ಕರೆಂಟು ಆ ಗೆರೆಯನ್ನೇ ದಾರಿ ಮಾಡಿಕೊಂಡಿದೆ. ಮುಚ್ಚಳ, ರೋಟರ್, ವೈರು ಮೂರನ್ನೂ ಒಟ್ಟಿಗೆ ಬದಲಾಯಿಸಿ. ಸರ್ವಿಸ್ ಸ್ಟೇಷನ್ನಿನಲ್ಲಿ ಎಂಜಿನ್ ಮೇಲೆ ಪ್ರೆಷರ್ ನೀರು ಹೊಡೆಸುವುದನ್ನು ನಿಲ್ಲಿಸಿ ಮಾರಾಯ್ರೇ.

ಪ್ರಶ್ನೆ: ಈಗಿನ ಇ20 ಪೆಟ್ರೋಲಿನಿಂದಲೇ ಹಳೇ ಗಾಡಿಗಳು ಸಿಡಿಯುತ್ತಿವೆ ಅನ್ನುತ್ತಾರೆ, ನಿಜವಾ? (ಠಾಣೆಯಿಂದ)

ಉತ್ತರ: ಅರ್ಧ ನಿಜ. ಶುದ್ಧ ಪೆಟ್ರೋಲ್ 1 ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20ಗೆ 13.5ರ ಹತ್ತಿರ ಸಾಕು. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ, ಕಾರ್ಬೊರೇಟರಿಗೆ ಅಷ್ಟು ತಿಳುವಳಿಕೆ ಎಲ್ಲಿಂದ ಬರಬೇಕು? ಅದು ಹಳೇ ಲೆಕ್ಕದಲ್ಲೇ ಕೊಡುತ್ತದೆ, ಗಾಳಿ ಜಾಸ್ತಿಯಾಗುತ್ತದೆ, ಏರ್ ಫಿಲ್ಟರ್ ಕಡೆಯ ಕೆಮ್ಮು ಬರಬಹುದು. ಮೊದಲೇ ಗ್ಯಾಸ್ಕೆಟ್ ಸೋರುತ್ತಿದ್ದರೆ ಅದು ಎದ್ದು ಕಾಣುತ್ತದೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಮೆತ್ತಗಾಗುತ್ತವೆ, ಇವುಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ, ಪೆಟ್ರೋಲ್ ಪೈಪಿನ ವಿಷಯದಲ್ಲಿ ಜಿಪುಣತನ ಬೇಡ, ಬೆಂಕಿಯ ಮಾತು ಅದು. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ, ಹಾಗಾಗಿ ಪೆಟ್ರೋಲ್ ಹಾಕಿ ಗಾಡಿಯನ್ನು ತಿಂಗಳುಗಟ್ಟಲೆ ಮೂಲೆಗೆ ನಿಲ್ಲಿಸಬೇಡಿ. ಇದೆಲ್ಲ ಮಾಡಿಯೂ ಕೆಮ್ಮಿದರೆ ಒಂದು ಸೈಜ್ ದೊಡ್ಡ ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಹಾಕಿಸಿ ನೋಡಬಹುದು. ಇರುವ ಜೆಟ್ಟಿಗೇ ತಂತಿ ತೂರಿಸಿ ಕೆರೆಯಲು ಮಾತ್ರ ಯಾರನ್ನೂ ಬಿಡಬೇಡಿ.