ಓದುಗರ ಪ್ರಶ್ನೆ: ಮರುಭೂಮಿಯ ಬಿಸಿಲು ಮಲೆನಾಡಿಗೆ ಬಂದೀತೇ?

ಪ್ರಶ್ನೆ: ನಮ್ಮದು ಮೂಡಿಗೆರೆ ಬಳಿಯ ಸಣ್ಣ ಕಾಫಿ ತೋಟ. ಮಳೆಗಾಲದಲ್ಲಿ ಮನೆಯ ಮೇಲಿನ ಸೋಲಾರ್ ಪ್ಯಾನೆಲ್ ಹೆಸರಿಗಷ್ಟೇ. ರಾಜಸ್ಥಾನದ ಮರುಭೂಮಿಯಲ್ಲಿ ಅಪಾರ ಸೌರವಿದ್ಯುತ್ ಉತ್ಪಾದಿಸುತ್ತಾರಂತೆ. ಅಷ್ಟು ದೂರದಿಂದ ಬರುವಷ್ಟರಲ್ಲಿ ಅದು ದಾರಿಯಲ್ಲೇ ಸೋರಿಹೋಗುವುದಿಲ್ಲವೇ?
– ಒಬ್ಬ ಬೆಳೆಗಾರರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಸೋರುತ್ತದೆ, ಆದರೆ ತಾವು ಅಂದುಕೊಂಡಷ್ಟಲ್ಲ. ಅಷ್ಟೇ ವಿದ್ಯುತ್ತನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಕಳುಹಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಅರ್ಧವಾಗಿ, ತಂತಿ ಬಿಸಿಯಾಗುವುದರಿಂದ ಆಗುವ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಅದರಲ್ಲೂ ಏಕಮುಖ ವಿದ್ಯುತ್ತಿನ ಅಧಿಕ ವೋಲ್ಟೇಜ್ ಮಾರ್ಗದಲ್ಲಿ ಸಾವಿರ ಕಿಲೋಮೀಟರಿಗೆ ಶೇಕಡಾ 3ರಷ್ಟು ಮಾತ್ರ ಹೋಗುತ್ತದೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಇಂಥ ಮಾರ್ಗ 2003ರಿಂದಲೇ ಇದೆ. ಅಲ್ಲಿ ಹರಿಯುವುದು ಕಲ್ಲಿದ್ದಲಿನ ವಿದ್ಯುತ್ತು ಎಂಬುದಷ್ಟೇ ವ್ಯತ್ಯಾಸ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲವು ದೇಶದ ಉಳಿದ ಜಾಲದೊಂದಿಗೆ ಒಂದಾದ ಮೇಲೆ, ಕೆರೆಗೆ ಯಾವ ಹಳ್ಳದ ನೀರು ಬಂದಿತೆಂದು ಕೇಳಲಾಗದಂತೆ, ತಮ್ಮ ದೀಪದ ವಿದ್ಯುತ್ತು ಎಲ್ಲಿಯದೆಂದು ಗುರುತಿಸಲಾಗದು.

ಮರುಭೂಮಿಯೂ ಸಲೀಸಾದ ಜಾಗವಲ್ಲ. ರಾಜಸ್ಥಾನದ ಫಲೋಡಿ ಜಿಲ್ಲೆಯ ಭಡ್ಲಾದಲ್ಲಿ 2,245 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಅಲ್ಲಿ ಬಿಸಿಲು ಹೇರಳ, ಆದರೆ ಪ್ಯಾನೆಲ್ ಕಾದಷ್ಟೂ ಅದರ ಉತ್ಪಾದನೆ ತಗ್ಗುತ್ತದೆ. ಮೇಲೆ ಕೂರುವ ಧೂಳನ್ನು ತೊಳೆಯಲು ನೀರಿಲ್ಲದ್ದರಿಂದ ಬ್ರಷ್ ಹೊತ್ತ ಯಂತ್ರಗಳು ಒಣಗೈಯಲ್ಲೇ ಗುಡಿಸುತ್ತವೆ. ಹೈಟೆನ್ಷನ್ ತಂತಿಗಳಿಗೆ ಬಡಿದು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ಸಾಯುತ್ತಿರುವ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಏರಿದೆ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ದೂರದ್ದಲ್ಲ, ಹೊತ್ತಿನದು. ಡಿಸೆಂಬರಿನಲ್ಲಿ ಆಳುಗಳು ಹಣ್ಣು ಕೊಯ್ದು ತಂದು, ತಾವು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡಿಸುವ ಸಂಜೆಯ ವೇಳೆಗೆ ಜೈಸಲ್ಮೇರಿನಲ್ಲೂ ಸೂರ್ಯ ಮುಳುಗಿರುತ್ತಾನೆ. ಮೊರಾಕ್ಕೊದ ವಾರ್ಜಾಜಾತ್‌ನಲ್ಲಿ ಕನ್ನಡಿಗಳಿಂದ ಬಿಸಿಲನ್ನು ಒಟ್ಟುಗೂಡಿಸಿ, ಕರಗಿದ ಉಪ್ಪಿನಲ್ಲಿ ಶಾಖವನ್ನು ಹಿಡಿದಿಟ್ಟು, ಕತ್ತಲಾದ ಮೇಲೂ ಕೆಲವು ಗಂಟೆ ಟರ್ಬೈನ್ ತಿರುಗಿಸುತ್ತಾರೆ. ಆದರೆ ಪ್ಯಾನೆಲ್ಲುಗಳಿಗಿಂತ ಅದು ದುಬಾರಿ. ಉಳಿದ ದಾರಿಗಳೆಂದರೆ ಬ್ಯಾಟರಿ, ಇಲ್ಲವೇ ಹಗಲಿನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆತ್ತಿ ಸಂಜೆ ಕೆಳಗೆ ಬಿಡುವ ವ್ಯವಸ್ಥೆ. ಕಾಫಿ ಹೂವರಳಿಸುವ ಹೂಮಳೆ ತಪ್ಪಿದಾಗ ಫೆಬ್ರವರಿ–ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕುವುದಕ್ಕಾದರೆ ಈ ತಾಪತ್ರಯವಿಲ್ಲ, ಅದನ್ನು ಹಗಲಿನಲ್ಲೇ ಮಾಡಬಹುದು.

ಇನ್ನು ತಮ್ಮ ಮಳೆಗಾಲದ ವಿಷಯ. ಸಾವಿರಾರು ಕಿಲೋಮೀಟರ್ ಸುಖವಾಗಿ ಬಂದ ವಿದ್ಯುತ್ತು, ತೋಟದೊಳಗಿನ ಕೊನೆಯ ಮೂರು ಕಂಬಗಳ ನಡುವೆ ಸಿಲ್ವರ್ ಓಕ್ ಕೊಂಬೆ ಮುರಿದುಬಿದ್ದರೆ ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಜನರೇಟರನ್ನು ಸದ್ಯಕ್ಕೆ ಮಾರಬೇಡಿ.