ಓದುಗರ ಪ್ರಶ್ನೆ: ಉಲ್ರಿಚ್ ಮ್ಯೂಹೆ ರಂಗದಿಂದ ತೆರೆಗೆ ಬಂದ ಬಗೆ

ಪ್ರಶ್ನೆ: ‘ದಿ ಲೈವ್ಸ್ ಆಫ್ ಅದರ್ಸ್’ ಎಂಬ ಜರ್ಮನ್ ಚಿತ್ರದಲ್ಲಿ ಗುಪ್ತಚರ ಅಧಿಕಾರಿಯ ಪಾತ್ರ ಮಾಡಿದ ಉಲ್ರಿಚ್ ಮ್ಯೂಹೆ ಅವರು ತಡವಾಗಿ ನಟನೆಗೆ ಬಂದವರೇ? ರಂಗಭೂಮಿಯಲ್ಲಿ ಕಲಿತದ್ದು ಕ್ಯಾಮೆರಾದ ಮುಂದೆ ಅಡ್ಡಿಯಾಗುತ್ತದೆ ಎನ್ನುತ್ತಾರೆ, ಅದು ನಿಜವೇ?
– ರಂಗವಿದ್ಯಾರ್ಥಿ, ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಉತ್ತರ: ತಡವಾಗಿ ಬಂದದ್ದು ಹೆಸರು ಮಾತ್ರ. 2006ರಲ್ಲಿ ಆ ಚಿತ್ರ ತೆರೆಕಂಡಾಗ ಅವರು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ರಂಗದಲ್ಲಿ ದುಡಿದಿದ್ದರು. 1953ರಲ್ಲಿ ಪೂರ್ವ ಜರ್ಮನಿಯ ಗ್ರಿಮ್ಮಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಮ್ಯೂಹೆ ಮೊದಲು ಕಟ್ಟಡ ಕೆಲಸ ಕಲಿತರು. ಕಡ್ಡಾಯ ಸೈನಿಕ ಸೇವೆಯಲ್ಲಿ ಬರ್ಲಿನ್ ಗೋಡೆಯ ಕಾವಲಿಗೆ ನಿಂತರು. ಆಮೇಲೆ 1975ರಿಂದ 1979ರವರೆಗೆ ಲೈಪ್‌ಜಿಗ್‌ನ ರಂಗಶಾಲೆಯಲ್ಲಿ ನಟನೆಯನ್ನು ಅಭ್ಯಾಸ ಮಾಡಿದರು. ಮೊದಲ ನೌಕರಿ ಸಿಕ್ಕಿದ್ದು ರಾಜಧಾನಿಯಲ್ಲಲ್ಲ, ಈಗ ಕೆಮ್ನಿಟ್ಸ್ ಎಂದು ಕರೆಯುವ ಕೈಗಾರಿಕಾ ನಗರದ ರಂಗಮಂದಿರದಲ್ಲಿ. ನಾಟಕಕಾರ ಹೈನರ್ ಮ್ಯುಲರ್ ಅವರ ನಿರ್ದೇಶನದಲ್ಲಿ ನಟಿಸಲು ಬರ್ಲಿನ್‌ಗೆ ಬಂದ ಅವರು 1983ರಲ್ಲಿ ಅಲ್ಲಿನ ಡಾಯ್ಚೆಸ್ ಥಿಯೇಟರ್ ತಂಡವನ್ನು ಸೇರಿದರು.

ಅವರ ರಂಗಜೀವನದ ಶಿಖರವೆಂದು ನಾನು ಎಣಿಸುವುದು ‘ಹ್ಯಾಮ್ಲೆಟ್’ ಪಾತ್ರವನ್ನು. ಮ್ಯುಲರ್ ನಿರ್ದೇಶಿಸಿದ, ಹೆಚ್ಚು ಕಡಿಮೆ ಇಡೀ ದಿನವನ್ನು ಬೇಡುತ್ತಿದ್ದ ಆ ಪ್ರಯೋಗದ ತಾಲೀಮು 1989ರ ಕೊನೆಯ ತಿಂಗಳುಗಳಲ್ಲಿ ನಡೆಯುತ್ತಿದ್ದಾಗ ಹೊರಗೆ ದೇಶವೇ ಅಲುಗಾಡುತ್ತಿತ್ತು. ನವೆಂಬರ್ 4ರಂದು ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕದಲ್ಲಿ ನಡೆದ ಬೃಹತ್ ಸಭೆಯನ್ನು ಸಂಘಟಿಸಿದವರಲ್ಲಿ ರಂಗಕಲಾವಿದರೇ ಮುಂದಿದ್ದರು, ಮ್ಯೂಹೆ ಕೂಡ ಆ ವೇದಿಕೆಯಿಂದ ಮಾತನಾಡಿದರು. ಐದು ದಿನ ಕಳೆಯುವಷ್ಟರಲ್ಲಿ ಗೋಡೆ ತೆರೆಯಿತು. 1990ರಲ್ಲಿ ನಾಟಕ ಪ್ರದರ್ಶನ ಕಂಡಾಗ, ತಾಲೀಮು ಆರಂಭವಾದ ಕಾಲದ ರಾಜ್ಯವ್ಯವಸ್ಥೆಯೇ ಕುಸಿಯುತ್ತಿತ್ತು.

ಇನ್ನು ತಮ್ಮ ಎರಡನೆಯ ಪ್ರಶ್ನೆ. ಆ ಚಿತ್ರದಲ್ಲಿ ಅಧಿಕಾರಿಯು ಅಟ್ಟದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಕೆಳಗಿನ ಮನೆಯಲ್ಲಿ ಲೇಖಕ ನುಡಿಸುವ ಪಿಯಾನೊವನ್ನು ಕದ್ದು ಕೇಳುವ ದೃಶ್ಯವನ್ನು ಮತ್ತೊಮ್ಮೆ ನೋಡಿ. ಮಾತಿಲ್ಲ, ಕೈ ಆಡುವುದಿಲ್ಲ, ಮುಖ ಬಹುಮಟ್ಟಿಗೆ ನಿಶ್ಚಲವಾಗಿದೆ, ಒಂದು ಹನಿ ಕಣ್ಣೀರು ಮಾತ್ರ ಇಳಿಯುತ್ತದೆ. ಎದುರು ಪಾತ್ರವೇ ಇಲ್ಲದ ಕಡೆ ಕೇಳುವ ಕ್ರಿಯೆಯೊಂದನ್ನೇ ಅಭಿನಯವಾಗಿಸುವ ಈ ಶಕ್ತಿ, ಇತರರ ದೀರ್ಘ ಸಂಭಾಷಣೆಗಳನ್ನು ರಾತ್ರಿಯ ಮೇಲೆ ರಾತ್ರಿ ರಂಗದ ಮೇಲೆ ನಿಂತು ಕೇಳಿದ ಅನುಭವದಿಂದಲೇ ಬಂದದ್ದೆಂದು ನಾನು ನಂಬುತ್ತೇನೆ. ಕೊನೆಯ ಸಾಲಿನ ಪ್ರೇಕ್ಷಕನಿಗೆ ತಲುಪಿಸುವ ದನಿಯನ್ನು ಕ್ಯಾಮೆರಾದ ಮುಂದೆ ತಗ್ಗಿಸಬೇಕು, ನಿಜ. ಅದು ಅಭ್ಯಾಸದಿಂದ ಸಾಧ್ಯ. ಕೇಳುವುದನ್ನು ಕಲಿಯದ ನಟನಿಗೆ ಯಾವ ಕ್ಯಾಮೆರಾವೂ ನೆರವಾಗದು. ಮ್ಯೂಹೆ ಮೈಕೆಲ್ ಹಾನೆಕೆ ಅವರ ಚಿತ್ರಗಳಲ್ಲಿ ನಟಿಸಿದರು, 1998ರಿಂದ ದೂರದರ್ಶನ ಧಾರಾವಾಹಿಯೊಂದರಲ್ಲಿ ಶವಪರೀಕ್ಷೆಯ ವೈದ್ಯರಾಗಿ ಮನೆಮಾತಾದರು, ಆದರೂ ರಂಗವನ್ನು ಬಿಟ್ಟುಕೊಡಲಿಲ್ಲ. ಯುರೋಪಿಯನ್ ಚಲನಚಿತ್ರ ಪ್ರಶಸ್ತಿ ಪಡೆದ ಮರುವರ್ಷವೇ, 2007ರ ಜುಲೈನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 54 ವರ್ಷ.

ಪ್ರಶ್ನೆ: ನಮ್ಮ ಕಂಪನಿ ನಾಟಕಗಳ ಕಲಾವಿದರು ಕಲೆಕ್ಷನ್ ನಂಬಿ ಬದುಕಿದವರು. ಜರ್ಮನಿಯಲ್ಲಿ ನಟರಿಗೆ ತಿಂಗಳ ಸಂಬಳವಿದೆಯೇ?
– ಓದುಗರು, ದಾವಣಗೆರೆ

ಉತ್ತರ: ಇದೆ. ಅಲ್ಲಿ ಮಧ್ಯಮ ಗಾತ್ರದ ಊರುಗಳಲ್ಲೂ ನಗರಾಡಳಿತ ಹಾಗೂ ರಾಜ್ಯ ಸರ್ಕಾರಗಳ ಹಣದಿಂದ ನಡೆಯುವ ರಂಗಮಂದಿರಗಳಿವೆ. ಟಿಕೆಟಿನ ಹಣ ಖರ್ಚಿನ ಸಣ್ಣ ಪಾಲು ಮಾತ್ರ. ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂತಹ ತಂಡಗಳು ಊರೂರಿಗೆ ಕ್ಯಾಂಪ್ ಹಾಕಿ, ಜನ ಬರುವಷ್ಟು ದಿನ ಒಂದೇ ನಾಟಕವನ್ನು ಆಡುತ್ತಿದ್ದವು. ಜರ್ಮನಿಯ ತಂಡ ಒಂದೇ ಮಂದಿರದಲ್ಲಿ ನೆಲೆನಿಂತು ಇಂದು ದುರಂತ ನಾಟಕ, ನಾಳೆ ಹಾಸ್ಯ ಎಂದು ಸರದಿಯಲ್ಲಿ ಆಡುತ್ತದೆ. ಹೀಗಾಗಿ ಒಬ್ಬ ನಟ ಒಂದೇ ವಾರದಲ್ಲಿ ಹಲವು ಪಾತ್ರಗಳನ್ನು ನೆನಪಿನಲ್ಲಿ ಹೊತ್ತಿರುತ್ತಾನೆ. ಆದರೆ ಇದು ಸರ್ಕಾರಿ ನೌಕರಿಯಂತೆ ಭದ್ರವಲ್ಲ. ಒಪ್ಪಂದಗಳು ಸಾಮಾನ್ಯವಾಗಿ ಒಂದೆರಡು ವರ್ಷದವು, ಮಂದಿರದ ಮುಖ್ಯಸ್ಥರು ಬದಲಾದಾಗ ಅನೇಕ ನಟರು ಊರು ಬಿಡಬೇಕಾಗುತ್ತದೆ. ಈ ಅನ್ಯಾಯವನ್ನು ಅಲ್ಲಿನ ಕಲಾವಿದರೂ ಪ್ರಶ್ನಿಸುತ್ತಿದ್ದಾರೆ.

ಪ್ರಶ್ನೆ: ಅಲ್ಲಿ ನಟನೆ ಕಲಿಯಲು ನಮ್ಮ ಜಿಲ್ಲೆಯವರಿಗೆ ಸಾಧ್ಯವೇ?
– ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಸಾಧ್ಯ, ಆದರೆ ಪ್ರವೇಶಕ್ಕೆ ಜರ್ಮನ್ ಭಾಷೆಯಲ್ಲೇ ಪಾತ್ರಗಳನ್ನು ಅಭಿನಯಿಸಿ ತೋರಿಸಬೇಕು ಮತ್ತು ಸ್ಪರ್ಧೆ ತೀವ್ರವಾಗಿರುತ್ತದೆ. ಬೆಂಗಳೂರಿನ ಗ್ಯೋಟೆ ಇನ್‌ಸ್ಟಿಟ್ಯೂಟ್‌ನಲ್ಲಿ ಭಾಷೆ ಕಲಿಯುವುದರಿಂದ ಆರಂಭಿಸಿ. ಆ ಅವಧಿಯಲ್ಲಿ ಸಾಣೇಹಳ್ಳಿಯ ನಾಟಕೋತ್ಸವವನ್ನು ತಪ್ಪಿಸಬೇಡಿ.